ಗುಡ್ಡೆ ಮಾಂಸದ ಜೊತೆ ಹೋದ ಅಧ್ಯಾಯ

"ಭೂಮಿ ಬಾಯಿ ಬಿಡಲಿ, ಆಕಾಶ ಕಳಚಿ ಬೀಳಲಿ, ಈ ಸಲ ಹೊಸತೊಡಕಿನ ದಿನ ನಾನು ಬರೆದೇ ತೀರುತ್ತೇನೆ!"

ಯುಗಾದಿಯ ಮಧ್ಯಾಹ್ನ, ಎರಡು ಹೋಳಿಗೆ ಮುಗಿಸಿ ಮೂರನೆಯದಕ್ಕೆ ತುಪ್ಪ ಸುರಿದುಕೊಳ್ಳುತ್ತಾ ಕಾದಂಬರಿಕಾರ ರವೀಂದ್ರ ಈ ಘೋರ ಪ್ರತಿಜ್ಞೆ ಮಾಡಿದ. ಕೇಳಿಸಿಕೊಂಡವಳು ಹೆಂಡತಿ ಅರ್ಪಿತ ಒಬ್ಬಳೇ. ಅವಳು ತುಪ್ಪದ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು, "ಬರೀರಿ, ಯಾರು ಬೇಡ ಅಂದೋರು? ಬೆಳಗ್ಗೆ ಗುಡ್ಡೆ ಮಾಂಸ ತಂದುಕೊಟ್ಟು ಬರೀರಿ" ಅಂದಳು.

ಹೊಸತೊಡಕು ಅಂದರೆ ಯುಗಾದಿಯ ಮಾರನೇ ದಿನ. ಹಿಂದಿನ ದಿನ ಬೇವುಬೆಲ್ಲ ತಿಂದುಕೊಂಡು ಸಾಧುಸಂತರ ಹಾಗಿದ್ದ ಊರು ಆವತ್ತು ಬೆಳಗಾಗುತ್ತಲೇ ಮಾಂಸಕ್ಕೆ ನಿಲ್ಲುತ್ತದೆ. ಅದರ ಜೊತೆಗೆ ಒಂದು ಗಟ್ಟಿ ನಂಬಿಕೆ. ಆವತ್ತು ಏನು ಮಾಡುತ್ತೀಯೋ ವರ್ಷವಿಡೀ ಅದನ್ನೇ ಮಾಡುತ್ತೀಯ! ಹಾಗಾಗಿ ಬಿಂಡಿಗನವಿಲೆ ಸುತ್ತಿನ ನಮ್ಮ ಊರುಗಳಲ್ಲಿ ಆವತ್ತು ಯಾರೂ ಅಳುವುದಿಲ್ಲ, ಜಗಳಕ್ಕೆ ನಿಲ್ಲುವುದಿಲ್ಲ. ಬದುವಿನ ಕಲ್ಲಿಗೆ ಹೊಡೆದಾಡುವ ಅಣ್ಣತಮ್ಮಂದಿರೂ ಹಲ್ಲು ಕಚ್ಚಿಕೊಂಡು ನಗುತ್ತಾರೆ.

ನಾಗಮಂಗಲದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ ರವೀಂದ್ರನ ಪಾಲಿಗೆ ಈ ನಂಬಿಕೆ ಬೇಡ ಬೇಡ ಅಂದರೂ ನಿಜವಾಗುತ್ತಿತ್ತು. ಎರಡು ವರ್ಷದ ಹಿಂದೆ ಆ ದಿನ ಪಾಂಡವಪುರದ ಮಾವನ ಮನೆಯಲ್ಲಿ ಬೋಟಿ ಗೊಜ್ಜು ತಿಂದು ಸಂಜೆವರೆಗೆ ಗೊರಕೆ ಹೊಡೆದ. ವರ್ಷವೆಲ್ಲ ಪೆನ್ನು ಹಿಡಿದ ಕೂಡಲೇ ಆಕಳಿಕೆ. ಹೋದ ವರ್ಷ ಆ ದಿನ ಕನ್ನಡಕ ಕಳೆದುಕೊಂಡು ಮನೆಯೆಲ್ಲ ಹುಡುಕಿದ. ವರ್ಷವೆಲ್ಲ ಕನ್ನಡಕ, ಬೀಗದ ಕೈ, ಬಸ್ ಪಾಸು, ಕೊನೆಗೆ ತನ್ನ ಕಾದಂಬರಿಯ ಕಥೆಯನ್ನೂ ಹುಡುಕುತ್ತಲೇ ಇದ್ದ.

ಹಬ್ಬ ಅಂದರೆ ಅವನಿಗೆ ಅರ್ಧ ಪ್ರೀತಿ, ಅರ್ಧ ಸಿಟ್ಟು. ಕೆಲಸದ ದಿನವೇ ವಾಸಿ ಅನ್ನುತ್ತಿದ್ದ. ಬೆಳಗ್ಗೆ ಐದರಿಂದ ಆರೂವರೆ, ಮುನ್ನೂರು ಪದ, ಆಮೇಲೆ ಸ್ನಾನ, ಬಸ್ಸು. ಯಾರ ಕಾಟವೂ ಇಲ್ಲ. ರಜೆ ಬಂತೋ, ಕೆಟ್ಟಿತು! "ಹೇಗೂ ಮನೇಲೇ ಇದ್ದೀರಲ್ಲ" ಅನ್ನುವುದಕ್ಕಿಂತ ಕ್ರೂರವಾದ ವಾಕ್ಯ ಕನ್ನಡದಲ್ಲೇ ಇಲ್ಲ ಅಂತ ಅವನ ಖಚಿತ ಅಭಿಪ್ರಾಯ. ಹೇಗೂ ಮನೇಲೇ ಇದ್ದೀರಲ್ಲ, ಅಟ್ಟದ ಮೇಲಿನ ಹಂಡೆ ಇಳಿಸಿ. ಹೇಗೂ ಮನೇಲೇ ಇದ್ದೀರಲ್ಲ, ಮಾವಿನ ಸೊಪ್ಪು ತನ್ನಿ. ಅವನ ಕಾದಂಬರಿಯ ನಾಯಕಿ ಪದ್ಮಾವತಿ ಗೌರಿಹಬ್ಬದ ದಿನ ಅಣ್ಣನ ಮನೆ ಬಾಗಿಲಿಗೆ ಬಂದು ನಿಂತವಳು, ದೀಪಾವಳಿ ಹೋಗಿ ಸಂಕ್ರಾಂತಿ ಮುಗಿದರೂ ಅಲ್ಲೇ ನಿಂತಿದ್ದಳು. ಪಾಪ, ಕಾಲು ನೋಯದೆ ಇರುತ್ತದೆಯೇ? ಹಾಗಂತ ಹಬ್ಬವೇ ಬೇಡ ಅನ್ನೋಣವೆಂದರೆ ನಾಲಗೆ ಒಪ್ಪುತ್ತಿರಲಿಲ್ಲ. ಮಸಾಲೆ ರುಬ್ಬಿದ ವಾಸನೆ ಬಡಿದರೆ ಸಾಕು, ಮುನ್ನೂರರಲ್ಲಿ ಇನ್ನೂರೈವತ್ತು ಪದ ಅಲ್ಲೇ ಕರಗಿಹೋಗುತ್ತಿದ್ದವು.

ಈ ಸಲ ಮಾತ್ರ ಮನುಷ್ಯ ಕಲ್ಲಾಗಿಬಿಟ್ಟ. ಫೋನನ್ನು ಬೀರುವಿನಲ್ಲಿಟ್ಟು ಬೀಗ ಜಡಿದ. ಹೊಸತೊಡಕಿನ ದಿನ ನಾಲ್ಕೂವರೆಗೆ ಎದ್ದು, ತಣ್ಣೀರು ಸುರಿದುಕೊಂಡು, ನಡುಮನೆಯ ಮೇಜಿಗೆ ಕೂತ. ಏನಾಶ್ಚರ್ಯ! ಏಳು ತಿಂಗಳಿಂದ ನಿಂತಿದ್ದ ಪದ್ಮಾವತಿ ಅಲ್ಲಾಡಿದಳು. ಹನ್ನೆರಡು ವರ್ಷದ ಹಿಂದೆ ಮುನಿಸಿಕೊಂಡು ಹೋದ ತಂಗಿ ಅಣ್ಣನ ಬಾಗಿಲು ಬಡಿದಳು, ಬಾಗಿಲು ತೆರೆಯಿತು, ಅಣ್ಣ ಬಾಯಿ ಬಿಟ್ಟು ಮಾತಾಡಿದ. ಮೂರು ಹಾಳೆ! ಇಪ್ಪತ್ತು ವರ್ಷದಲ್ಲಿ ಇಂಥಾ ಮೂರು ಹಾಳೆ ಅವನ ಕೈಯಿಂದ ಬಂದಿರಲಿಲ್ಲ. ಬರೆದು ಮುಗಿಸಿ ತಾನೇ ಅತ್ತ. ಹೊಸತೊಡಕಿನ ದಿನ ಅಳಬಾರದೆಂದು ನೆನಪಾಗಿ ಥಟ್ಟನೆ ಕಣ್ಣೊರೆಸಿಕೊಂಡು, ಹಾಳೆಗಳನ್ನು ಮಗುಚಿಟ್ಟ.

ಅಷ್ಟರಲ್ಲಿ ಬೀದಿಯಿಂದ ಹೊನ್ನಪ್ಪನ ಕೂಗು. "ಏಯ್ ರವೀ! ಬಾರ್ಲಾ ಬಿರ್ರನೆ, ಚೀಟಿ ಬರ್ಕೊಡು!"

ಗುಡ್ಡೆ ಮಾಂಸ ಅಂದರೆ, ನಮ್ಮ ಬೀದಿಯ ಹನ್ನೆರಡು ಮನೆಯವರು ಸೇರಿ ಒಂದು ದೊಡ್ಡ ಟಗರು ತರುತ್ತಾರೆ. ಕುಯ್ದು, ಬಾಳೆಲೆಯ ಮೇಲೆ ಹನ್ನೆರಡು ಗುಡ್ಡೆ ಹಾಕುತ್ತಾರೆ. "ನನ್ ಗುಡ್ಡೇಲಿ ಬರೀ ಮೂಳೆ, ಅವನ್ದ್ರಲ್ಲಿ ಬರೀ ಈಲಿ, ಗುಂಡಿಗೆ" ಅಂತ ತಕರಾರು ಬರಬಾರದಲ್ಲ, ಅದಕ್ಕೆ ಮನೆಗೊಂದು ಹೆಸರಿನ ಚೀಟಿ ಬರೆದು, ಕಣ್ಣುಮುಚ್ಚಿ ಒಂದೊಂದು ಗುಡ್ಡೆಯ ಮೇಲೆ ಒಂದೊಂದು ಇಡುತ್ತಾರೆ. ಆ ಯಜಮಾನಿಕೆ ಹೊನ್ನಪ್ಪನದು. ಬರೆಯುವವನು ಯಾವಾಗಲೂ ರವೀಂದ್ರನೇ, ಅಕ್ಷರ ದುಂಡಗಿದೆ ಅಂತ. ಊರಿನವರು ಅವನ ಸಾಹಿತ್ಯದಲ್ಲಿ ಓದಿದ್ದು ಅದೊಂದನ್ನೇ.

ರವೀಂದ್ರನ ಮೈ ಇಲ್ಲಿ, ಮನಸ್ಸು ಪದ್ಮಾವತಿಯ ಹತ್ತಿರ. ಮೇಜಿನ ಮೇಲೆ ಖಾಲಿ ಕಂಡ ಮೂರು ಹಾಳೆ ಎತ್ತಿಕೊಂಡ. ಒಂದೊಂದನ್ನೂ ಅಡ್ಡಡ್ಡ ನಾಲ್ಕು ಪಟ್ಟಿ ಮಾಡಿ ಹರಿದ. ಜಗಲಿಯ ಮೇಲೆ ಕೂತು, "ಹೊನ್ನಪ್ಪ, ಸಿದ್ದಲಿಂಗಮ್ಮ, ಚಿಕ್ಕಯ್ಯ..." ಅಂತ ಹನ್ನೆರಡು ಹೆಸರು ಬರೆದುಕೊಟ್ಟ. ಹಾಳೆಯ ಒಂದೇ ಬದಿಗೆ ಬರೆಯುವುದು ಶಿಸ್ತಿನ ಲೇಖಕನ ಲಕ್ಷಣ ಅಂತ ಅವನು ಜಂಬ ಕೊಚ್ಚಿಕೊಳ್ಳುತ್ತಿದ್ದ. ಇನ್ನೊಂದು ಬದಿಯನ್ನು ತಿರುಗಿಸಿ ನೋಡುವ ಶಿಸ್ತು ಮಾತ್ರ ಅವನಿಗೆ ಯಾರೂ ಕಲಿಸಿರಲಿಲ್ಲ!

ಮಾಂಸ ತಂದು ಅಡಿಗೆಮನೆಗೆ ಕೊಟ್ಟು ಮೇಜಿಗೆ ಬಂದರೆ, ಮೇಜು ಬೋಳು.

"ಅರ್ಪಿತಾ! ಇಲ್ಲಿದ್ದ ಹಾಳೆ ಎಲ್ಲಿ? ಕಸದ ಬುಟ್ಟಿಗೆ ಹಾಕಿದೆಯಾ? ಒಲೆಗೆ ಹಾಕಿದೆಯಾ? ನಿಜ ಹೇಳು!"

"ಹೊಸತೊಡಕಿನ ದಿನ ಕೂಗಾಡಬೇಡಿ, ವರ್ಷವೆಲ್ಲ ಕೂಗಾಡ್ತೀರ" ಅಂತ ಒಳಗಿಂದ ಉತ್ತರ ಬಂತು. ಒಂದು ನಿಮಿಷ ಬಿಟ್ಟು ಅವಳೇ ಬಂದಳು. ಕೈಯಲ್ಲಿ ಮಾಂಸದ ಕವರಿನಿಂದ ತೆಗೆದ ಒದ್ದೆ ಚೀಟಿ. "ಇದೇನ್ರೀ? ಈ ಕಡೆ ನಿಮ್ಮ ಹೆಸರು. ಆ ಕಡೆ 'ಪದ್ಮಾವತಿಯ ತುಟಿ ನಡುಗಿತು' ಅಂತ ಇದೆ. ಯಾರ್ರೀ ಪದ್ಮಾವತಿ?"

ರವೀಂದ್ರ ಗೋಡೆ ಹಿಡಿದು ಕೂತ. ಮತ್ತೆ ಬರೆಯೋಣವೆಂದು ಪೆನ್ನು ಹಿಡಿದ. ಒಂದು ಸಾಲೂ ನೆನಪಿಗೆ ಬರಲಿಲ್ಲ. ವರ್ಷದ ಮೊದಲ ಬರಹವೇ ಹೀಗೆ ಹನ್ನೊಂದು ಮನೆಯ ಪಾಲಾದರೆ ಇಡೀ ವರ್ಷದ ಗತಿಯೇನು? ಆದರೆ ಪ್ರತಿಜ್ಞೆ ಪ್ರತಿಜ್ಞೆಯೇ! ಒಂದು ನೋಟ್‌ಬುಕ್ಕು ಕಂಕುಳಿಗೆ ಸಿಕ್ಕಿಸಿಕೊಂಡು, ದಂಡಯಾತ್ರೆಗೆ ಹೊರಟ ಅರಸನ ಹಾಗೆ ಪಕ್ಕದ ಮನೆ ಸಿದ್ದಲಿಂಗಮ್ಮನ ಬಾಗಿಲಿಗೆ ಹೋದ.

ಎಪ್ಪತ್ತು ದಾಟಿದ ಸಿದ್ದಲಿಂಗಮ್ಮ ಒಲೆ ಮುಂದೆ ಕೂತು ಬೋಟಿ ಬೇಯಿಸುತ್ತಿತ್ತು. ವಿಷಯ ಕೇಳಿ, ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿತು. "ಊಂ ಊಂ, ಆಗಾಕಿಲ್ಲ ಕಣಪ್ಪ. ಇವತ್ತು ಮನೆಯಿಂದ ಆಚಿಕೆ ಏನೂ ಕೊಡಾಕಿಲ್ಲ. ಇವತ್ ಕೊಟ್ರೆ ವರ್ಸೆಲ್ಲ ಕೊಡ್ತಾನೇ ಇರ್ಬೇಕಾಯ್ತದೆ."

"ಅಜ್ಜಿ, ಅದು ಬರೀ ಕಾಗದ!"

"ಕಾಗ್ದ ಆದ್ರೇನು, ಲಕ್ಸ್ಮಿ ಅಲ್ವಾ? ಇಲ್ಲೇ ಕುಂತು ಬರ್ಕೊ. ಮದ್ಲು ಒಂದೀಟು ಬೋಟಿ ತಿನ್ನು, ಬರೀ ಬಾಯಲ್ಲಿ ಕಳ್ಸುದ್ರೆ ವರ್ಸೆಲ್ಲ ಬರೀ ಬಾಯಲ್ಲಿ ಕಳುಸ್ದಂಗೆ."

ತಿಂದ. ಬರೆದುಕೊಂಡ. ಅಜ್ಜಿಗೆ ಓದು ಬಾರದು, "ಅದೇನ್ಲಾ ಅದು, ಗಟ್ಟಿಗೆ ಓದು" ಅಂತ ಹಟ ಹಿಡಿಯಿತು. "'ಬಡಿಯಲೆಂದು ಎತ್ತಿದ ಕೈ ಹಾಗೇ ನಿಂತಿತು. ಒಳಗೆ ಅಣ್ಣ ಕೆಮ್ಮಿದ್ದು ಕೇಳಿಸಿತು'" ಅಂತ ಓದಿದ.

"ಆಮ್ಯಾಕೆ?"

"ಆಮೇಲಿನದು ಬೇರೆ ಮನೇಲಿದೆ ಅಜ್ಜಿ."

"ಅಯ್ಯೋ ನಿನ್ ಮನೆ ಕಾಯ್ವಾಗ! ಅಂಗೇ ಬುಟ್ಬುಟ್ಟು ಓಗ್ತೀಯಾ? ತಡಿ, ನಾನೂ ಬತ್ತೀನಿ!" ಒಲೆ ಉರಿ ತಗ್ಗಿಸಿ, ಕೋಲು ಹಿಡಿದು ಹೊರಟೇಬಿಟ್ಟಿತು.

ಎರಡನೇ ಮನೆ ಚಿಕ್ಕಯ್ಯನದು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಅವನ ಚೀಟಿಯಲ್ಲಿ ಕಥೆ ಹಿಂದಕ್ಕೆ ಹೋಗಿತ್ತು, ಪದ್ಮಾವತಿ ಇನ್ನೂ ಕೆ.ಆರ್.ಪೇಟೆ ಬಸ್ಸಿನಿಂದ ಇಳಿಯುತ್ತಿದ್ದಳು. "ಬೆಳಿಗ್ಗೆ ಆರು ಗಂಟೆಗಾ? ಆ ಒತ್ತಲ್ಲಿ ಆ ರೂಟ್‌ನಾಗೆ ಬಸ್ಸೇ ಇಲ್ಲ ಕಣ್ಲಾ! ತಿದ್ದು!" ಅಂತ ಚಿಕ್ಕಯ್ಯ ಗುಡುಗಿದ. ಆಮೇಲೆ ಕರುಣೆ ಬಂದು ಮೊಬೈಲು ಚಾಚಿದ. "ಯಾಕ್ಲಾ ಕೈ ನೋಯುಸ್ಕತೀಯ? ಫೋಟೊ ಒಡ್ಕೊ."

"ಬೇಡಪ್ಪೋ! ಇವತ್ತು ಫೋಟೊ ಹೊಡೆದರೆ ವರ್ಷವೆಲ್ಲ ಫೋಟೊ ಹೊಡೆಯಬೇಕಾಗುತ್ತೆ. ಬರೆದೇ ಬರೀತೀನಿ!" ಅಂದ ರವೀಂದ್ರ. ಅಲ್ಲೊಂದು ಮುದ್ದೆ, ಎರಡು ಸೌಟು ಸಾರು. ಚಿಕ್ಕಯ್ಯನೂ ಹೆಗಲಿಗೆ ಟವಲು ಹಾಕಿಕೊಂಡು ಹಿಂದೆ ಬಂದ.

ಅಲ್ಲಿಂದ ಮುಂದಿನದು ಮೆರವಣಿಗೆ ಅನ್ನಬೇಕು. ಒಂದು ಮನೆಯಲ್ಲಿ ಪದ್ಮಾವತಿ ಅತ್ತಳು, ಇನ್ನೊಂದರಲ್ಲಿ ಅವಳ ಚಪ್ಪಲಿ ಕಿತ್ತುಹೋಯಿತು, ಮತ್ತೊಂದರಲ್ಲಿ ಚೀಟಿ ತಿಪ್ಪೆ ಸೇರಿತ್ತು, ಕಡ್ಡಿಯಲ್ಲಿ ಕೆದಕಿ ತೆಗೆದರು. ಪ್ರತಿ ಮನೆಯಲ್ಲೂ ಅದೇ ಮಾತು: ಚೀಟಿ ಕೊಡಾಕಿಲ್ಲ, ಉಣ್ಣದೆ ಕಳುಸಾಕಿಲ್ಲ, ಮುಂದೇನಾಯ್ತು ಅಂತ ತಿಳಿಯೋವರ್ಗೂ ಬುಡಾಕಿಲ್ಲ! ಆರನೇ ಮನೆಯಲ್ಲಿ ರವೀಂದ್ರ ಬೆಲ್ಟು ಸಡಿಲಿಸಿದ. ಎಂಟನೇ ಮನೆಯಲ್ಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಹತ್ತು ಮನೆ ಮುಗಿದಾಗ ಹಿಂದೆ ಇಪ್ಪತ್ತು ಜನ. ಹೊಟ್ಟೆ ಬಿರಿಯುತ್ತಿದ್ದರೂ ಅವನಿಗೆ ಒಳಗೊಳಗೇ ಖುಷಿ. ಅಚ್ಚಾದ ಎರಡು ಕಾದಂಬರಿಗೆ ಸಿಗದ ಓದುಗರು ಒಂದು ಟಗರಿನಿಂದ ಸಿಕ್ಕಿದ್ದರು.

ಉಳಿದದ್ದು ಒಂದೇ ಚೀಟಿ, ಹೊನ್ನಪ್ಪನದು. ಬಾಗಿಲು ತೆರೆದ ಅಣ್ಣ ಏನು ಹೇಳಿದ ಅನ್ನುವುದು ಇದ್ದದ್ದು ಅದರಲ್ಲೇ. ಇಡೀ ಅಧ್ಯಾಯದ ಪ್ರಾಣ!

"ಚೀಟೀನಾ?" ಹೊನ್ನಪ್ಪ ತಲೆ ಕೆರೆದುಕೊಂಡ. "ಕವರ್‌ನಾಗಿದ್ದುದ್ನೆಲ್ಲ ಅಂಗೇ ಸಾರಿಗೆ ಸುರುದ್ಬುಟ್ನಲ್ಲೋ!"

ಸೌಟು ಹಾಕಿ ಗೋರಿದರು. ಮಸಾಲೆ ಮೆತ್ತಿಕೊಂಡ ಒಂದು ಮುದ್ದೆ ಕಾಗದ ಮೇಲೆ ಬಂತು. ಅದರಲ್ಲಿ ಅಕ್ಷರದ ಗುರುತೂ ಇರಲಿಲ್ಲ. ಇಪ್ಪತ್ತು ಜೊತೆ ಕಣ್ಣು ರವೀಂದ್ರನ ಕಡೆ ತಿರುಗಿದವು.

"ಬರ್ದೋನು ನೀನೇ ತಾನೆ? ಏಳು ಮತ್ತೆ, ಅಣ್ಣ ಏನಂದ?"

ರವೀಂದ್ರ ಕಣ್ಣು ಮುಚ್ಚಿದ. ದೇವರ ದಯೆ, ಅದೊಂದು ಸಾಲು ನೆನಪಾಯಿತು. ಎದೆಯುಬ್ಬಿಸಿ, ದನಿ ನಡುಗಿಸಿ ಹೇಳಿದ: "'ಓ ಒಡಹುಟ್ಟಿದ ಕರುಳ ಕುಡಿಯೇ! ಹನ್ನೆರಡು ಸಂವತ್ಸರಗಳ ವಿರಹಾಗ್ನಿಯಲ್ಲಿ ಬೆಂದ ಈ ಸಹೋದರನ ಹೃದಯ ಮಂದಿರಕ್ಕೆ...'"

ಚಿಕ್ಕಯ್ಯ ಕಿಸಕ್ಕೆಂದ. ಹೊನ್ನಪ್ಪ ಟವಲಿನಿಂದ ಬಾಯಿ ಮುಚ್ಚಿಕೊಂಡ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಅವ್ನೇನು ನಾಟ್ಕದಲ್ಲಿ ದುರ್ಯೋದ್ನನ ಪಾರ್ಟ್ ಕಟ್ತಿದ್ನೇನ್ಲಾ?" ಅಂತ ಗುಂಪಿನಲ್ಲಿ ಯಾರೋ ಕೂಗಿದರು.

ಸಿದ್ದಲಿಂಗಮ್ಮ ಮಾತ್ರ ನಗಲಿಲ್ಲ. ಕೋಲಿನಿಂದ ನೆಲ ಕುಟ್ಟಿತು. "ಸುಮ್ಕಿರ್ರೋ! ಅಲ್ಲ ಕಣ್ ಮಗ, ಅನ್ನೆಲ್ಡು ವರ್ಸ ಆದ್ಮೇಲೆ ತಂಗಿ ಬಂದವ್ಳೆ ಅಂದ್ರೆ ಅಣ್ಣ ಮಾತಾಡಾಕಿಲ್ಲ. ಅವಳ ಮಕ ನೋಡ್ತಾನೆ. ಅವಳ ಕೈಲಿರೋ ಬ್ಯಾಗು ಈಸ್ಕತಾನೆ. ಒಳಿಕ್ ತಿರುಗ್ಕೊಂಡು ಎಂಡ್ರಿಗೆ ಕೂಗ್ತಾನೆ, 'ಎಸರಿಗೆ ಇನ್ನೊಂದ್ ಹಿಡಿ ರಾಗಿಟ್ಟು ಆಕಮ್ಮಿ' ಅಂತ. ಅಷ್ಟೆಯಾ."

ನಗು ನಿಂತುಹೋಯಿತು. ಹೊನ್ನಪ್ಪ ಟವಲನ್ನು ಬಾಯಿಂದ ಕಣ್ಣಿಗೆ ತಂದುಕೊಂಡು, "ಥೂ, ಏನ್ ಒಗೆ ಈ ಒಲೇದು" ಅಂದ. ಅವನ ಮನೆಯಲ್ಲಿ ಇದ್ದದ್ದು ಗ್ಯಾಸ್ ಒಲೆ. ರವೀಂದ್ರನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ತಲೆ ತಗ್ಗಿಸಿ, ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ಅವನ ಸಾಲು, ಅಜ್ಜಿಯ ಮಾತು ಎರಡೂ ಕೇಳಿ, "ಸದ್ಯ, ನಿಮ್ಮದು ಸಾರಿಗೆ ಬಿತ್ತು. ಪುಸ್ತಕಕ್ಕೆ ಬಿದ್ದಿದ್ದರೆ ಗತಿ ಏನ್ರೀ!" ಅಂದಳು. ರವೀಂದ್ರ ಮೇಲೆ ನಕ್ಕ, ಒಳಗೆ ಒಂಚೂರು ಉರಿಯಿತು. ಆದರೂ ಅಂದುಕೊಂಡದ್ದಂತೂ ಆಗಿತ್ತಲ್ಲ! ಹೊಸತೊಡಕಿನ ದಿನ ಬೆಳಗಿಂದ ಸಂಜೆವರೆಗೆ ಪೆನ್ನು ಕೆಳಗಿಟ್ಟಿರಲಿಲ್ಲ. ಇನ್ನು ವರ್ಷವಿಡೀ ತಡೆಯುವವರು ಯಾರು?

ಮಾರನೇ ಬೆಳಗ್ಗೆ ಐದಕ್ಕೆ ಮೇಜಿಗೆ ಕೂತು, ಹೊಸ ಹಾಳೆಯ ಎರಡೂ ಬದಿ ತಿರುಗಿಸಿ ನೋಡಿ, ಪೆನ್ನಿನ ಮುಚ್ಚಳ ತೆಗೆದ. ಬಾಗಿಲು ದಡದಡ ಅಂತು. ತೆಗೆದರೆ ಸಿದ್ದಲಿಂಗಮ್ಮ! ಹಿಂದೆ ಕಂಬಳಿ ಹೊದ್ದ ಚಿಕ್ಕಯ್ಯ, ಹೊನ್ನಪ್ಪ, ಅವರ ಹಿಂದೆ ಇನ್ನೂ ಆರೇಳು ಜನ.

"ನೆನ್ನೆ ಎಲ್ರೂ ಕತೆ ಕೇಳ್ಬುಟ್ವಲ್ಲಪ್ಪ, ಇನ್ ವರ್ಸೆಲ್ಲ ಕೇಳ್ಬೇಕಲ್ಲ" ಅನ್ನುತ್ತಾ ಅಜ್ಜಿ ಒಳಗೆ ಬಂತು.

ರವೀಂದ್ರನ ಎದೆ ಗೇಣುದ್ದ ಉಬ್ಬಿತು. "ಅದಕ್ಕೇನಂತೆ ಅಜ್ಜಿ! ಕೂತ್ಕೊಳ್ಳಿ, ಒಂದು ಗಂಟೆ ಕೊಡಿ. ಬರೆದು ಓದ್ತೀನಿ."

ಸಿದ್ದಲಿಂಗಮ್ಮ ಅವನ ಕುರ್ಚಿಯನ್ನೇ ಎಳೆದುಕೊಂಡು, ಕೋಲನ್ನು ಮೇಜಿಗೆ ಒರಗಿಸಿ, ಆರಾಮಾಗಿ ಕೂತುಕೊಂಡಿತು.

"ನೀನ್ಯಾಕ್ ಮಗ ತಲೆ ಕೆಡುಸ್ಕತೀಯ? ನೆನ್ನೆಯೆಲ್ಲ ನೀನು ಮಾಡುದ್ದು ಬರ್ಕೊಳ ಕೆಲ್ಸ ತಾನೆ? ಕೆಳಗ್ ಕುಂತ್ಕೊ. ನಾನು ಕತೆ ಏಳ್ತೀನಿ, ನೀನು ಬರ್ಕೊ."