ನೀಲಪ್ಪನ ಊಟದ ಗಾಡಿ

ದಿಲ್ಲಿಗೆ ಹೊರಡುವ ದಿನ ಬೆಳಿಗ್ಗೆ ನೀಲಪ್ಪ ಚುರುಮುರಿ ಒಗ್ಗರಣೆಯ ಸುಸಲಾದ ತಾಟನ್ನು ಎರಡು ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿದ. ಆಮೇಲೆ ನಡೆದ ರಾಮಾಯಣಕ್ಕೆಲ್ಲ ಇಷ್ಟೇ ಕಾರಣ.

"ಯಾಕ್ರಿ, ಉಪ್ಪು ಹೆಚ್ಚಾಗೇತೇನು?" ಹೆಂಡತಿ ಭಾಗ್ಯಾ ಕೇಳಿದಳು.

"ಹಂಗೇನಿಲ್ಲ. ಯಾಕೋ ಹೊಟ್ಟಿ ಸರಿ ಇಲ್ಲ. ಬ್ಯಾಡ."

ಭಾಗ್ಯಾಳ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ಅವಳು ಮದುವೆಯಾಗಿ ಬಂದಾಗಿನಿಂದ ಈ ಮನುಷ್ಯ ಒಂದು ಹೊತ್ತಿನ ಊಟ ಬಿಟ್ಟವನಲ್ಲ. ಮೈ ಸುಡುವ ಜ್ವರದಲ್ಲೂ ಬಿಟ್ಟಿರಲಿಲ್ಲ, ಆಫೀಸಿನಲ್ಲಿ ಆಡಿಟ್ ನಡೆದಾಗಲೂ ಬಿಟ್ಟಿರಲಿಲ್ಲ. ಅಂಥವನು ನಿನ್ನೆ ರಾತ್ರಿಯೂ ಹಸಿವಿಲ್ಲ ಎಂದು ಎದ್ದಿದ್ದ. ಈಗ ಸುಸಲಾ, ಅದೂ ಮೇಲೆ ಹುರಿಗಡಲೆ ಪುಡಿ ಉದುರಿಸಿದ ಬಿಸಿ ಸುಸಲಾ, ಬೇಡವಂತೆ!

ನಿಜ ಹೇಳಬೇಕೆಂದರೆ ನೀಲಪ್ಪನ ಹೊಟ್ಟೆಗೆ ಏನೂ ಆಗಿರಲಿಲ್ಲ. ಹಬ್ಬಕ್ಕೆ ಸುಣ್ಣ ಹೊಡೆಸುವವರು ಸಾಮಾನನ್ನೆಲ್ಲ ಹೊರಗಿಟ್ಟು ಮನೆ ಖಾಲಿ ಮಾಡುವಂತೆ, ಅವನು ಬೇಕೆಂದೇ ಹೊಟ್ಟೆ ಖಾಲಿ ಮಾಡಿಕೊಂಡಿದ್ದ. ಯಾಕೆಂದರೆ ಇವತ್ತಿನಿಂದ ಅವನು ರೈಲಿನಲ್ಲಿ ಊಟ ಮಾಡುವವನಿದ್ದ.

ಇದು ಇವತ್ತು ನಿನ್ನೆಯ ಆಸೆಯಲ್ಲ. ಅಮ್ಮಿನಬಾವಿ ಹಳ್ಳಿಯ ಹುಡುಗನಾಗಿದ್ದಾಗ ಒಮ್ಮೆ ಅಪ್ಪನ ಜೊತೆ ಧಾರವಾಡದ ಸ್ಟೇಷನ್ನಿಗೆ ಬಂದಿದ್ದ. ಎದುರಿಗೆ ಒಂದು ಉದ್ದನೆಯ ಗಾಡಿ ಬಂದು ನಿಂತಿತು. ಕಿಟಕಿಯೊಳಗೆ ಯಾರೋ ಒಬ್ಬ ದೊಡ್ಡ ಮನುಷ್ಯ, ತೊಡೆಯ ಮೇಲೆ ಬಿಳಿ ಅರಿವೆ ಹಾಸಿಕೊಂಡು, ಬಿಳಿ ಪಿಂಗಾಣಿ ತಟ್ಟೆಯಿಂದ ಹೊಗೆಯಾಡುವ ಏನನ್ನೋ ಚಮಚದಲ್ಲಿ ತಿನ್ನುತ್ತಿದ್ದ. ನೋಡುತ್ತಿದ್ದಂತೆ ಗಾಡಿ ಹೊರಟಿತು. ತಟ್ಟೆ, ಚಮಚ, ಹೊಗೆಯ ಸಮೇತ ಆ ಮನುಷ್ಯ ತೇಲಿಕೊಂಡು ಹೋಗಿಬಿಟ್ಟ. ಉಣ್ಣುವುದು, ಉಣ್ಣುತ್ತಲೇ ಹೋಗುವುದು; ಮನುಷ್ಯ ಜನ್ಮದಲ್ಲಿ ಇದಕ್ಕಿಂತ ಮೇಲಿನ ಮೆಟ್ಟಿಲು ಇರಲಾರದು ಎಂದು ಆ ಹುಡುಗನಿಗೆ ಅನ್ನಿಸಿತು.

ಮುಂದೆ ಶಿಕ್ಷಣ ಇಲಾಖೆಯಲ್ಲಿ ನೌಕರಿಯಾಯಿತು, ಆ ಸ್ಟೇಷನ್ನಿಗೆ ಹತ್ತಿರವೆಂದೇ ಧಾರವಾಡದ ಮಾಳಮಡ್ಡಿಯಲ್ಲಿ ಮನೆಯಾಯಿತು, ಸುಪರಿಂಟೆಂಡೆಂಟ್ ಆಗಿ ನಿವೃತ್ತಿಯೂ ಆಯಿತು. ರೈಲು ಪ್ರಯಾಣಗಳೂ ಬೇಕಾದಷ್ಟು ಆದವು. ಆದರೆ ಪ್ರತಿ ಸಲವೂ ತೊಡೆಯ ಮೇಲೆ ಭಾಗ್ಯಾ ಕಟ್ಟಿಕೊಟ್ಟ ರೊಟ್ಟಿ ಗಂಟು, ಇಲ್ಲವೇ ಕಿಟಕಿಯಿಂದ ಕೈಚಾಚಿ ತೆಗೆದುಕೊಂಡ ತಣ್ಣನೆಯ ವಡೆ.

ಮಗಳು ಪೂನಮ್‌ಗೆ ದಿಲ್ಲಿಯ ಒಂದು ಸರಕಾರಿ ಕಚೇರಿಗೆ ವರ್ಗವಾಗಿ, ಅವಳು ಒಂದು ತಿಂಗಳು ಬಂದು ಇದ್ದು ಹೋಗಿರೆಂದು ಕರೆದಾಗ ನೀಲಪ್ಪನ ತಲೆಯಲ್ಲಿ ದೀಪ ಹತ್ತಿತು. ಉತ್ತರಕ್ಕೆ ಹೋಗುವ ನೇರ ಗಾಡಿ ಬೇಡವೆಂದ. ಮೊದಲು ಧಾರವಾಡದಿಂದ ವಂದೇ ಭಾರತ್ ಹಿಡಿದು ಬೆಂಗಳೂರಿಗೆ ಇಳಿಯುವುದು, ಅಲ್ಲಿ ಭಾವಮೈದುನನ ಮನೆಯಲ್ಲಿ ಒಂದು ರಾತ್ರಿ ತಂಗುವುದು, ಮರುದಿನ ರಾಜಧಾನಿ ಹತ್ತುವುದು. ಎರಡರಲ್ಲೂ ಕೂತಲ್ಲಿಗೇ ಊಟ ಬರುತ್ತದೆ.

"ದಿಲ್ಲಿ ಮ್ಯಾಲ ಐತ್ರಿ, ನೀವು ಕೆಳಗ ಹೊಂಟೀರಲ್ಲ!" ಎಂದು ಭಾಗ್ಯಾ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ್ದಳು.

"ಆ ದಾರಿ ಅನುಕೂಲ ಐತಿ," ಎಂದಷ್ಟೇ ಹೇಳಿದ್ದ ನೀಲಪ್ಪ. ಊಟಕ್ಕಾಗಿ ದೇಶ ಸುತ್ತುತ್ತಿದ್ದೇನೆ ಎಂದು ನಿವೃತ್ತ ಸುಪರಿಂಟೆಂಡೆಂಟ್ ಯಾವ ಬಾಯಿಂದ ಹೇಳಿಯಾನು?

ಆವತ್ತಿನಿಂದ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಊಟ ಒಂದೊಂದಾಗಿ ಬರುತ್ತಿತ್ತು. ಈಗ ತಾಟು ಸರಿಸಿ ಕೂತಾಗಲೂ ಬಂತು. ಮೊದಲು ಟೊಮ್ಯಾಟೊ ಸೂಪು. ಜೊತೆಗೊಂದು ಕರುಮುರು ಕಡ್ಡಿ ಕೊಡುತ್ತಾರಂತೆ. ಅದನ್ನು ಅದ್ದಿ ತಿನ್ನಬೇಕೋ ಕಡಿದು ತಿನ್ನಬೇಕೋ ಎಂಬುದನ್ನು ಅವನು ಇನ್ನೂ ನಿರ್ಧರಿಸಿರಲಿಲ್ಲ. ಆಮೇಲೆ ಅಂಗೈಯಲ್ಲಿ ಹಿಡಿದರೆ ಕರಗುವ ಬೆಣ್ಣೆಯ ಚಿಕ್ಕ ತುಂಡು. ಹೊರಗೆ ಸಂಜೆ. ಕಪ್ಪು ಹೊಲಗಳ ಮೇಲೆ ಕೆಂಪು ಬಿಸಿಲು. ಗಾಡಿ ತೂಗಿದಾಗಲೆಲ್ಲ ಬಟ್ಟಲಿನ ಸೂಪೂ ತೂಗುತ್ತದೆ. ಅದರೊಳಗಿನ ಸೂರ್ಯ ಮುಳುಗಿ ಮತ್ತೆ ಏಳುತ್ತಾನೆ. ಚಮಚ ಬಾಯಿಗೆ ಬರುವಷ್ಟರಲ್ಲಿ ಒಂದು ಊರು ದಾಟಿರುತ್ತದೆ...

"ಭಾಗ್ಯಕ್ಕಾ, ಊಟಾ ಆತೇನ್ರಿ? ಎಲ್ಲಾ ಕಟ್ಟೀರೇನು?"

ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಚನ್ನಬಸವ್ವ ಇಣುಕಿದಾಗ ಸೂಪು ಚೆಲ್ಲಿಹೋಯಿತು. ಅವಳ ಕೈಯಲ್ಲಿ ದಾರಿಗೆಂದು ಮಾಡಿ ತಂದ ಶೇಂಗಾ ಹೋಳಿಗೆಯ ಡಬ್ಬಿ.

"ಎಲ್ಲೀ ಊಟಾರಿ! ಇವರು ನಿನ್ನಿಯಿಂದ ಏನೂ ಮುಟ್ಟಿಲ್ಲ. ಹೊಟ್ಟಿ ಸರಿ ಇಲ್ಲಂತಾರ," ಎಂದಳು ಭಾಗ್ಯಾ.

"ಅಯ್ಯ ಶಿವನ! ಸರಾ, ಅರ್ಧಾ ಹೋಳಿಗಿ ಬಾಯಾಗ ಹಾಕ್ಕೊಳ್ರಿ, ನೋಡೂಣು."

ತುಪ್ಪದ ವಾಸನೆ ಮೂಗಿಗೆ ಬಡಿಯಿತು. ನೀಲಪ್ಪನ ಹೊಟ್ಟೆ ಕಟ್ಟಿಹಾಕಿದ ನಾಯಿಯಂತೆ ಗುರ್ರೆಂದಿತು. ಆದರೆ ರೈಲು ಹತ್ತಲು ಇನ್ನು ಕೆಲವೇ ತಾಸು. ಇಷ್ಟು ಕಷ್ಟಪಟ್ಟು ಬೆಳೆಸಿದ ಹಸಿವನ್ನು ಅರ್ಧ ಹೋಳಿಗೆಗೆ ಮಾರುವುದೇ? ಅವನು ಮುಖ ತಿರುಗಿಸಿ, ಕಣ್ಣು ಮುಚ್ಚಿ, ಬೇಡವೆಂದು ಕೈ ಆಡಿಸಿದ.

ಆ ಕೈ ಆಡಿಸಿದ ರೀತಿಯನ್ನು ಚನ್ನಬಸವ್ವ ಓಣಿಯಲ್ಲೆಲ್ಲ ಮಾಡಿ ತೋರಿಸಿದಳು. ಹುಬ್ಬಳ್ಳಿ ಹತ್ತಿರದ ಅಮರಗೋಳದ ಮಾರ್ಕೆಟ್ಟಿನಲ್ಲಿ ಒಣಮೆಣಸಿನಕಾಯಿಯ ಭಾವ ಏರುವಂತೆ ಸುದ್ದಿ ಮನೆಯಿಂದ ಮನೆಗೆ ಏರಿತು. ಮೊದಲ ಮನೆಯಲ್ಲಿ ಹೊಟ್ಟೆ ಸರಿ ಇರಲಿಲ್ಲ, ಮೂಲೆಯ ಮನೆ ಮುಟ್ಟುವಷ್ಟರಲ್ಲಿ ಎದೆ ಹಿಡಿದುಕೊಂಡಿತ್ತು. ಅದೇ ಅಮರಗೋಳದಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಚನ್ನಬಸವ್ವನ ಗಂಡ ಮಹಾಂತಯ್ಯನಿಗೆ ಫೋನು ಹೋಗಿ, ಅವನು ತಕ್ಕಡಿಯನ್ನು ಅಲ್ಲಿಯೇ ಬಿಟ್ಟು ಕಾರು ಓಡಿಸಿಕೊಂಡು ಬಂದ. ಹಿಂದಿನ ಓಣಿಯಲ್ಲಿದ್ದ ನರ್ಸ್ ತಸ್ಲೀಮಾ ಬಿ.ಪಿ. ನೋಡುವ ಯಂತ್ರ ಹಿಡಿದು ಬಂದಳು.

ನೀಲಪ್ಪ ನೆಲದ ಮೇಲೆ ಕೂತು ಸೂಟ್‌ಕೇಸಿನ ಜಿಪ್ಪು ಎಳೆಯುತ್ತಿದ್ದ. ಬಾಗಿಲು ತುಂಬ ಜನ ಬಂದದ್ದು ಕಂಡು ಗಾಬರಿಯಾಗಿ ತಟ್ಟನೆ ಎದ್ದ. ನಿನ್ನೆಯಿಂದ ಖಾಲಿಯಿದ್ದ ಮೈ. ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದುಕೊಂಡ.

"ಹಿಡೀರಿ, ಹಿಡೀರಿ!" ಎಂದು ಮಹಾಂತಯ್ಯ ಜೋಳದ ಚೀಲ ಎತ್ತುವಂತೆ ಅವನನ್ನು ಎತ್ತಿ ಮಂಚದ ಮೇಲೆ ಹಾಕಿದ.

ತಸ್ಲೀಮಾ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು. "ಬಿ.ಪಿ. ಭಾಳ ಕಡಿಮಿ ಐತ್ರಿ. ಮೊದ್ಲು ಒಂದು ಬಾಳಿಹಣ್ಣು ತಿನ್ರಿ ಸರ್. ತಿಂದ ಮ್ಯಾಲ ಮತ್ತ ನೋಡೂಣು."

ಸಿಪ್ಪೆ ಸುಲಿದ ಬಾಳೆಹಣ್ಣು ಮೂಗಿನ ಕೆಳಗೆ ಬಂದು ನಿಂತಿತು. ಎಲ್ಲರೂ ಉಸಿರು ಹಿಡಿದು ನೋಡಿದರು. ಆ ಒಂದು ಹಣ್ಣು ತಿಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನೀಲಪ್ಪನ ಕಣ್ಣ ಮುಂದೆ ಮತ್ತೆ ಗಾಡಿ ತೂಗಿತು, ಬಟ್ಟಲು ತೂಗಿತು. ಬಾಳೆಹಣ್ಣೆಂದರೆ ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುವ ಪದಾರ್ಥ. ಅವನು ತುಟಿ ಬಿಗಿಯಾಗಿ ಮುಚ್ಚಿದ.

ಭಾಗ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳಿಗೆ ವಿಡಿಯೋ ಕಾಲ್ ಮಾಡಿಯೇಬಿಟ್ಟಳು.

ಫೋನಿನ ಗಾಜಿನಲ್ಲಿ ಪೂನಮ್ ಮುಖ ಮೂಡಿತು. ಅವಳ ಹಿಂದೆ ದಿಲ್ಲಿಯ ಕಚೇರಿ. "ಅಪ್ಪಾ, ಏನಾಗೇತಿ? ಅವ್ವಾ, ನೀ ಅಳಬ್ಯಾಡ. ಯಾರರ ಒಬ್ಬರು ಸರಿಯಾಗಿ ಹೇಳ್ರಿ."

ಎಲ್ಲರೂ ಒಟ್ಟಿಗೆ ಸರಿಯಾಗಿ ಹೇಳಿದರು. ಹೊಟ್ಟೆ, ಎದೆ, ಬಿ.ಪಿ., ಗೋಡೆ, ಬಾಳೆಹಣ್ಣು ಎಲ್ಲ ಕಲಸಿಹೋದವು.

"ಹಿಂಥಾ ಸ್ಥಿತಿಯಾಗ ದಿನಗಟ್ಟಲೆ ರೈಲಿನ್ಯಾಗ ಬರೂದು ಬ್ಯಾಡ," ಎಂದಳು ಪೂನಮ್. "ಎರಡೂ ಗಾಡಿ ಟಿಕೆಟ್ ಈಗ ಕ್ಯಾನ್ಸಲ್ ಮಾಡ್ತೇನಿ. ಇವತ್ತ ಹುಬ್ಬಳ್ಳಿಯಿಂದ ದಿಲ್ಲಿಗೆ ವಿಮಾನ ಐತಿ. ಸಂಜಿಗೆ ಇಲ್ಲಿರ್ತೀರಿ. ಇಲ್ಲಿ ದೊಡ್ಡ ಡಾಕ್ಟರಿಗೆ ತೋರ್ಸೂಣು."

ನೀಲಪ್ಪ ಮಂಚದಿಂದ ಚೆಂಡಿನಂತೆ ಪುಟಿದ. "ಬ್ಯಾಡ ಯವ್ವಾ! ಕ್ಯಾನ್ಸಲ್ ಮಾಡಬ್ಯಾಡ! ನನಗೇನೂ ಆಗಿಲ್ಲ!"

"ಮತ್ತ ಯಾಕ ಉಣವಲ್ಲಿ?"

ಓಣಿಯೇ ನೋಡುತ್ತಿತ್ತು. ಮಾನ ಹೋದರೂ ಊಟ ಉಳಿಯಲಿ ಎಂದು ಅವನು ಕಣ್ಣು ಮುಚ್ಚಿ ಹೇಳಿಬಿಟ್ಟ. "ರೈಲಿನ್ಯಾಗ ಉಣ್ಣಬೇಕಂತ ಹೊಟ್ಟಿ ಖಾಲಿ ಇಟ್ಕೊಂಡೇನಿ! ಅಲ್ಲೆ ಸೂಪು ಕೊಡ್ತಾರ. ಕಡ್ಡಿ ಕೊಡ್ತಾರ. ಬೆಣ್ಣಿ ಕೊಡ್ತಾರ. ನಾ ಸಣ್ಣಾಂವಿದ್ದಾಗ ಒಬ್ಬ ಮನಷ್ಯಾ ಕಿಡಕ್ಯಾಗ ತಟ್ಟಿ ಹಿಡಕೊಂಡು ಹೋದ..."

ಚನ್ನಬಸವ್ವ ಭಾಗ್ಯಾಳ ತೋಳು ಹಿಡಿದು ಪಿಸುಗುಟ್ಟಿದಳು: "ಬಡಬಡಸಾಕತ್ತಾರ್ರಿ. ಕಡ್ಡಿ ತಿಂತೇನಿ ಅನ್ನಾಕತ್ತಾರ."

"ಯಾರೋ ಕಿಡಕ್ಯಾಗ ಕಾಣಾಕತ್ತಾರಂತ," ಎಂದ ಮಹಾಂತಯ್ಯ ಗಂಭೀರವಾಗಿ. "ತಡಾ ಮಾಡೂದು ಬ್ಯಾಡ. ಕಾರ್ ಹೊರಗ ಐತಿ."

ಅತ್ತ ಪೂನಮ್‌ಳ ಬೆರಳು ಆಗಲೇ ಕೆಲಸ ಮುಗಿಸಿತ್ತು.

ಧಾರವಾಡದಿಂದ ಹುಬ್ಬಳ್ಳಿಗೆ ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ನೀಲಪ್ಪನನ್ನು ಮಲಗಿಸಿ, ತಲೆಯನ್ನು ಭಾಗ್ಯಾ ತೊಡೆಯ ಮೇಲಿಟ್ಟುಕೊಂಡಿದ್ದಳು. ಮಹಾಂತಯ್ಯ ಹೊಂಡ ತಪ್ಪಿಸುತ್ತ, ಪ್ರತಿ ಹೊಂಡಕ್ಕೂ "ಸರಾ, ಇದ್ದೀರಿಲ್ಲೋ?" ಎಂದು ವಿಚಾರಿಸುತ್ತ ಹೊರಟಿದ್ದ. ರಸ್ತೆ ಒಂದು ಕಡೆ ಹಳಿಯ ಹತ್ತಿರ ಬಂತು. ಅದೇ ಹೊತ್ತಿಗೆ ಹಿಂದಿನಿಂದ ಬಿಳಿಯ ವಂದೇ ಭಾರತ್ ಗಾಡಿ ಬಂದಿತು. ಸದ್ದಿಲ್ಲದೆ, ಕನಸಿನಲ್ಲಿ ಬಂದಂತೆ ಬಂದಿತು. ನೀಲಪ್ಪ ಮೊಣಕೈ ಊರಿ ಎದ್ದು ನೋಡಿದ. ಉದ್ದನೆಯ ಗಾಜಿನ ಕಿಟಕಿಗಳು, ತಂಪು ಬೆಳಕು, ಸಾಲಾಗಿ ಕೂತ ತಲೆಗಳು. ಅವುಗಳ ನಡುವೆ ಒಬ್ಬಾತ ತಟ್ಟೆಗಳ ಗೋಪುರ ಹೊತ್ತು ನಡೆಯುತ್ತಿದ್ದ. ಒಂದು ಕ್ಷಣ ಕಾರು, ಗಾಡಿ ಜೊತೆಜೊತೆಗೆ ಓಡಿದವು; ಆ ತಟ್ಟೆಗಳೂ ನೀಲಪ್ಪನೂ ಎದುರಾಬದುರಾಗಿ ನಿಂತಲ್ಲೇ ನಿಂತಂತೆ ಕಂಡಿತು. ಆಮೇಲೆ ಗಾಡಿ ಬಾಗಿ, ಮರಗಳ ಹಿಂದೆ ಸರಿದುಹೋಯಿತು.

"ಅಳಬ್ಯಾಡ್ರಿ," ಎಂದಳು ಭಾಗ್ಯಾ. "ಏನೂ ಆಗಂಗಿಲ್ಲ ನಿಮಗ. ನಾ ಅದೇನಿ."

ವಿಮಾನ ನಿಲ್ದಾಣದ ಬಾಗಿಲಲ್ಲಿ ಮಹಾಂತಯ್ಯ ಸಾಮಾನು ಇಳಿಸಿದ. ಭಾಗ್ಯಾ ಕಟ್ಟಿದ್ದ ಬುತ್ತಿ ಗಂಟನ್ನೂ ಹೋಳಿಗೆ ಡಬ್ಬಿಯನ್ನೂ ಕೈಯಲ್ಲಿ ತೂಗಿ ನೋಡಿ, ಮತ್ತೆ ಕಾರಿನೊಳಗೇ ಇಟ್ಟ. "ತೂಕಾ ಹೆಚ್ಚಾಕ್ಕೈತ್ರಿ ವಿಮಾನದಾಗ. ಹೆಂಗೂ ಸರ್ ತಿನ್ನಂಗಿಲ್ಲ."

ವಿಮಾನ ಏರಿತು. ಮೋಡ ಹತ್ತಿ ಅರಳಿದಂತೆ ಕೆಳಗೆ ಹಾಸಿತ್ತು. ನೀಲಪ್ಪನಿಗೆ ಈಗ ಹಸಿವು ಹಸಿವಾಗಿ ಉಳಿದಿರಲಿಲ್ಲ. ಮೈಯೆಲ್ಲ ಹಗುರಾಗಿ, ವಿಮಾನವಿಲ್ಲದೆಯೂ ತಾನು ಹಾರಬಲ್ಲೆ ಎನಿಸುತ್ತಿತ್ತು. ಮುಂದಿನಿಂದ ಒಂದು ಗಾಡಿ ತಳ್ಳಿಕೊಂಡು ನಗುಮುಖದ ಹುಡುಗಿ ಬಂದಳು. ಸ್ಯಾಂಡ್‌ವಿಚ್ ಇತ್ತು, ಉಪ್ಪಿಟ್ಟಿನ ಬಟ್ಟಲಿತ್ತು, ಗೋಡಂಬಿ ಇತ್ತು. ರೈಲಲ್ಲದಿದ್ದರೇನು, ಇದೂ ಹೋಗುತ್ತಲೇ ಇದೆಯಲ್ಲ! ನೀಲಪ್ಪನ ಕೈ ತಾನಾಗಿ ಮೇಲೆದ್ದಿತು.

ಭಾಗ್ಯಾ ಆ ಕೈ ಹಿಡಿದು ಕೆಳಗಿಳಿಸಿದಳು. "ಹೊರಗಿಂದು ಏನೂ ಕೊಡಬ್ಯಾಡ ಅಂತ ಪೂನಮ್ ಹೇಳ್ಯಾಳ್ರಿ," ಎಂದು, ಹುಡುಗಿಯತ್ತ ತಲೆಯಾಡಿಸಿ ಕಳಿಸಿಬಿಟ್ಟಳು. ಹಿಡಿದ ಕೈ ಮಾತ್ರ ಬಿಡಲಿಲ್ಲ. ಎರಡೂ ಅಂಗೈಯ ನಡುವೆ ಇಟ್ಟುಕೊಂಡು, ಎಷ್ಟೋ ವರ್ಷಗಳಿಂದ ಹಿಡಿಯದ ಹಾಗೆ ಹಿಡಿದು ಕೂತಳು. ಅವಳ ಕೈ ಬೆಚ್ಚಗಿತ್ತು. ಅದನ್ನು ಬಿಡಿಸಿಕೊಂಡು ಸ್ಯಾಂಡ್‌ವಿಚ್ ಕೇಳುವ ಧೈರ್ಯ ನೀಲಪ್ಪನಿಗೆ ಬರಲಿಲ್ಲ.

"ಖರೇನ ಹೇಳ್ತೇನಿ ಭಾಗ್ಯಾ, ನನಗೇನೂ ಆಗಿಲ್ಲ," ಎಂದ ಮೆತ್ತಗೆ.

"ಹೂಂ," ಎಂದಳು ಅವಳು, ಮಗುವಿಗೆ ಹೇಳುವಂತೆ. "ಮಕ್ಕೊಳ್ರಿ."

ದಿಲ್ಲಿಯಲ್ಲಿ ಪೂನಮ್ ಹೊರಗೇ ನಿಂತಿದ್ದಳು, ಪಕ್ಕದಲ್ಲಿ ಒಂದು ಗಾಲಿ ಕುರ್ಚಿ. ಬೇಡ ಬೇಡವೆಂದರೂ ಅಪ್ಪನನ್ನು ಅದರಲ್ಲಿ ಕೂರಿಸಿ, ತಾನೇ ತಳ್ಳತೊಡಗಿದಳು. ಮಗಳನ್ನು ಕಂಡ ಸಂತೋಷಕ್ಕೆ ನೀಲಪ್ಪ ಹಿಂದೆ ಕೈಚಾಚಿ ಅವಳ ಕೈ ಮುಟ್ಟಿದ. ರೈಲು ಹೋಯಿತು, ಹೋಗಲಿ. ಮಗಳ ಮನೆಯ ಅಡುಗೆಯಾದರೂ ಇದೆಯಲ್ಲ. ಅವನು ತಲೆ ಹಿಂದಕ್ಕೆ ಹೊರಳಿಸಿ ಮೆಲ್ಲಗೆ ಕೇಳಿದ:

"ಮನ್ಯಾಗ ಏನ್ ಅಡಗಿ ಮಾಡೀದಿ, ಯವ್ವಾ?"

"ಅಡಗಿ ಅವ್ವಗಷ್ಟ ಮಾಡೇನಿ," ಎಂದಳು ಪೂನಮ್. "ನಿನ್ನನ್ನ ಈಗ ಸೀದಾ ದವಾಖಾನಿಗೆ ಸೇರಿಸಾಕತ್ತೇನಿ. ಮುಂಜಾನೆ ರಕ್ತಾ ತಪಾಸಣಿ, ಹೊಟ್ಟಿ ಸ್ಕ್ಯಾನ್ ಎಲ್ಲಾ ಅದಾವು. ಖಾಲಿ ಹೊಟ್ಟಿಲೇ ಇರಬೇಕಂತ. ದಾರ್ಯಾಗ ಏನರ ತಿಂದೀಯೇನು ಮತ್ತ?"

"ಇಲ್ಲವಾ," ಎಂದ ನೀಲಪ್ಪ.

"ಶಾಣ್ಯಾ ಅದಿ, ಅಪ್ಪಾ!" ಎಂದು ಮಗಳು ಅವನ ಭುಜ ತಟ್ಟಿ, ಕುರ್ಚಿಯನ್ನು ಇನ್ನಷ್ಟು ಜೋರಾಗಿ ತಳ್ಳಿದಳು.