ಲಾರಿಗೆ ಶನಿವಾರದ ಎಣ್ಣೆ

ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಕೆಲಸದ ಕ್ರಮ ಗೊತ್ತಿದ್ದರೆ ಕೆಲಸವೇ ಗೊತ್ತು ಎಂದುಕೊಳ್ಳುವ ಚಟ. ಅದರ ದೆಸೆಯಿಂದ ನಾನೊಮ್ಮೆ ಮನೆಯ ಮಿಕ್ಸಿ ಬಿಚ್ಚಿದ್ದೆ, ಜೋಡಿಸಿದವರು ಬೇರೆಯವರು. ಹಾಗಾಗಿ ನಮ್ಮ ಮಿನಿ ಲಾರಿಯ ಆಯಿಲನ್ನು ನಾನೇ ಬದಲಾಯಿಸುತ್ತೇನೆ ಎಂದಾಗ ಹೆಂಡತಿ ಸುಧಾ ಮಿಕ್ಸಿಯ ಕಡೆ ನೋಡಿದಳು.

ಲಾರಿ ನಿಜಕ್ಕೂ ಅವಳದು. ಕುವೆಂಪುನಗರದ ನಮ್ಮ ಮನೆಯಿಂದ ಅವಳು ಮದುವೆ ಮುಂಜಿಗಳಿಗೆ ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಾಳೆ. ಭಾನುವಾರ ಬೆಳಗ್ಗೆ ಆರಕ್ಕೆ ನಜರ್‌ಬಾದಿನ ಛತ್ರಕ್ಕೆ ಕೊಳಗ, ಕಡಾಯಿ ತಲುಪಬೇಕಿತ್ತು. ಮೆಕ್ಯಾನಿಕ್ ನಾದಿನಿ ಮದುವೆಗೆಂದು ಊರಿಗೆ ಹೋಗಿದ್ದ. ಆಯಿಲ್ ನೋಡಿದರೆ ಡಾಂಬರಿನಂತೆ ಕಪ್ಪಾಗಿತ್ತು. ಕೊನೆಗೆ ಸುಧಾ, "ಮಾಡೋದಾದ್ರೆ ಮಾಡಿ. ನಾಳೆ ಗಾಡಿ ನಿಂತ್ರೆ ಮದ್ವೆ ಮನೆಯವರ ಮುಂದೆ ನಾನು ತಲೆ ಎತ್ತೋ ಹಾಗಿಲ್ಲ, ಅಷ್ಟೇ ಕಣ್ರೀ" ಅಂದಳು.

ಶನಿವಾರ ಊಟ ಮುಗಿಸಿ ಹಳೇ ಪಂಚೆ ಉಟ್ಟು ಲಾರಿಯ ಕೆಳಗೆ ನುಸುಳಿದೆ. ಎಣ್ಣೆ ತೊಟ್ಟಿಯ ತಳದಲ್ಲೊಂದು ಬೋಲ್ಟು ಇರುತ್ತದೆ, ಅದನ್ನು ಬಿಚ್ಚಿದರೆ ಹಳೇ ಎಣ್ಣೆ ಇಳಿದುಹೋಗುತ್ತದೆ. ಅಂಗಾತ ಮಲಗಿದವನಿಗೆ ಎಡ ಬಲ ಅದಲುಬದಲಾಗಿ, ಕಾಲು ಗಂಟೆ ಅದನ್ನು ಇನ್ನಷ್ಟು ಬಿಗಿಮಾಡಿದೆ. ಆಮೇಲೆ ಬಿಚ್ಚಿಕೊಂಡಿತು. ಅರ್ಧ ಎಣ್ಣೆ ಟಬ್ಬಿಗೆ, ಅರ್ಧ ನನ್ನ ಭುಜಕ್ಕೆ. ಫಿಲ್ಟರನ್ನೂ ಕಳಚಿ ಹೆಮ್ಮೆಯಿಂದ ಎದ್ದು ನಿಂತಾಗ ಹೊಳೆಯಿತು, ಹೊಸ ಎಣ್ಣೆ ತಂದೇ ಇಲ್ಲ. ಸ್ಕೂಟರಿನಲ್ಲಿ ಓಡಿ ಹೋಗಿ ಕ್ಯಾನು, ಫಿಲ್ಟರು ಎರಡನ್ನೂ ತಂದೆ. ಗೇಟಿನಲ್ಲಿ ಅಮ್ಮ ನಿಂತಿದ್ದರು.

"ಕೈಲೇನೋ ಅದು?"

"ಎಣ್ಣೆ" ಅಂದುಬಿಟ್ಟೆ. ಆಯಿಲ್ ಅಂದಿದ್ದರೆ ಬಚಾವಾಗುತ್ತಿದ್ದೆ. ಅಚ್ಚಗನ್ನಡದ ಚಪಲ ಯಾವ ಹೊತ್ತಿನಲ್ಲಿ ಕೈಕೊಡುತ್ತದೆಂದು ಹೇಳಲಾಗದು.

"ಶನಿವಾರ ಎಣ್ಣೆ ತಂದ್ಬುಟ್ಟೆಯಲ್ಲೋ. ಗೇಟು ದಾಟಿಸ್ಬೇಡ."

"ಇದು ತಿನ್ನೋ ಎಣ್ಣೆ ಅಲ್ಲಮ್ಮ."

"ಹರಳೆಣ್ಣೆ ತಿಂತಾರೇನೋ? ಅದ್ನ ಶನಿವಾರ ತರ್ತೀವಾ?"

ಒಳಗೆ ಎಣ್ಣೆಯಿಲ್ಲದ ಲಾರಿ, ಹೊರಗೆ ಲಾರಿಯಿಲ್ಲದ ಎಣ್ಣೆ. ಸುಧಾಳ ಮುಖ ಸಣ್ಣಗಾಯಿತು, ನನಗೂ ನಿಜವಾಗಿ ಭಯವಾಯಿತು. ಆಗ ತಲೆ ಓಡಿತು. ಎಣ್ಣೆ ಒಳಗೆ ಬರಬಾರದು ತಾನೇ, ಲಾರಿ ಹೊರಗೆ ಹೋಗಬಹುದಲ್ಲ. ನಮ್ಮ ಅಂಗಳ ಬೀದಿಯ ಕಡೆಗೆ ಇಳಿಜಾರು. ಸುಧಾ ಸ್ಟೇರಿಂಗ್ ಹಿಡಿದಳು. ನಾನೂ ಪಕ್ಕದ ಮನೆಯ ಪುಟ್ಟಸ್ವಾಮಿಯವರೂ ತಳ್ಳಿದೆವು. ಲಾರಿ ಬೀದಿಗೆ ಬಂತು. ಹೊಸ ಫಿಲ್ಟರ್ ಕೂರಿಸಿ, ಮುಚ್ಚಳ ತೆಗೆದು ಕ್ಯಾನು ಬಗ್ಗಿಸುವಷ್ಟರಲ್ಲಿ ಅಮ್ಮ ಅಂಗಳದಿಂದ ಏನನ್ನೋ ಹಿಡಿದುಕೊಂಡು ಬಂದರು.

"ಲಾರಿ ನಿಂತಿದ್ದ ಜಾಗದಲ್ಲಿ ಬಿದ್ದಿತ್ತು. ಇದು ಬೇಡ್ವೇನೋ?"

ತಳದ ಬೋಲ್ಟು. ಕ್ಯಾನು ಹಿಡಿದು ಬಂದ ನನ್ನನ್ನು ಅಮ್ಮ ಸುಮ್ಮನೆ ಒಳಗೆ ಬಿಟ್ಟಿದ್ದರೆ ಹೊಸ ಎಣ್ಣೆಯಷ್ಟೂ ಮೇಲಿಂದ ಸುರಿದು ಕೆಳಗಿಂದ ಅಂಗಳ ಸೇರುತ್ತಿತ್ತು.

"ಅದನ್ನೇ ಕೇಳೋಣ ಅಂತಿದ್ದೆ" ಎಂದು ಗಾಂಭೀರ್ಯದಿಂದ ಇಸಿದುಕೊಂಡು ಮತ್ತೆ ಲಾರಿಯ ಕೆಳಗೆ ತೂರಿದೆ.

ಎಣ್ಣೆ ಅಳೆಯುವ ಕಡ್ಡಿ ಸರಿಯಾದ ಗುರುತು ತೋರಿಸಿತು. ಲಾರಿ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ನನಗಾದ ಸಂತೋಷ ಪಿಎಚ್‌.ಡಿ. ಬಂದಾಗಲೂ ಆಗಿರಲಿಲ್ಲ. ಭಾನುವಾರ ಐದೂಮುಕ್ಕಾಲಿಗೇ ಕೊಳಗಗಳು ಛತ್ರದಲ್ಲಿ ಇಳಿದವು. "ನಮ್ಮನೆಯವರೇ ಆಯಿಲ್ ಬದಲಾಯಿಸಿದ್ದು" ಎಂದು ಸುಧಾ ಅಡುಗೆಯವರಿಗೆ ಹೇಳಿದಳು, ಹೂ ಕಟ್ಟುವವರಿಗೆ ಹೇಳಿದಳು, ವಾಲಗದವರಿಗೂ ಹೇಳಿದಳು. ನಾನು ಕೇಳದವನಂತೆ ಅಲ್ಲೇ ಸುಳಿದಾಡುತ್ತಿದ್ದೆ.

ಸುದ್ದಿ ಕಾಲೇಜಿಗೂ ಮುಟ್ಟಿತು, ಮುಟ್ಟಿಸಿದವನು ನಾನೇ. ಮೊನ್ನೆ ಸಹೋದ್ಯೋಗಿಯೊಬ್ಬರು, ತಮ್ಮ ಕಾರಿನ ಆಯಿಲ್ ತಾವೇ ಬದಲಾಯಿಸಬೇಕು, ಏನು ಜಾಗ್ರತೆ ವಹಿಸಬೇಕು ಎಂದು ಕೇಳಿದರು.

"ಶನಿವಾರವೇ ಮಾಡಿ ಸಾರ್" ಅಂದೆ. "ಗೇಟಿನ ಹತ್ರ ಅಮ್ಮನ್ನ ನಿಲ್ಲಿಸ್ಕೊಳ್ಳಿ."

"ಅದ್ಯಾಕೆ?" ಅಂದರು.

ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಪಾಠ ಮಾಡಲು ಹೊರಟಿದ್ದವನು, ಬೋಲ್ಟಿನ ಕಥೆಯನ್ನೂ ಹೇಳಬೇಕಾಗುತ್ತದೆಂದು ಹೊಳೆದು, ಬೆಲ್ ಆಯಿತೆಂದು ಸುಳ್ಳು ಹೇಳಿ ಎದ್ದುಬಂದೆ.