ಲಂಡನ್ನಿನಿಂದ ವಾಡಿಯವರೆಗೆ

ಬಾಗ್ದಾದಿನ ಮೇಲೆ ಹೋಳಿಗೆಯ ಎಣ್ಣೆಯ ಕಲೆ ಇದೆ. ದುಂಡಗೆ, ಎಂಟಾಣೆ ನಾಣ್ಯದಷ್ಟು. ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಕಾಗದ ತೆಳ್ಳಗಾಗಿ, ಊರಿನ ಹೆಸರು ಹಿಂಬದಿಯಿಂದಲೂ ಕಾಣಿಸುತ್ತದೆ.

ಈ ಬಾಗ್ದಾದು ಇರುವುದು ಚಿತ್ತಾಪುರದಲ್ಲಿ, ನಮ್ಮ ಕಾಕಾನ ಪಡಸಾಲೆಯ ಗೂಡಿನೊಳಗೆ, ಸುತ್ತಿಟ್ಟ ಒಂದು ನಕ್ಷೆಯಲ್ಲಿ. ಅವರ ಅಣ್ಣನ ಮಗಳು ನಾನು, ಬೆಳೆದದ್ದು ಅದೇ ಮನೆಯಲ್ಲಿ. ಹಾಗಾಗಿ ಹೇಳಬಲ್ಲೆ: ಲಂಡನ್ನಿನಿಂದ ವಾಡಿ ಜಂಕ್ಷನ್ನಿನವರೆಗೆ ದಾರಿಯಲ್ಲಿ ಬರುವ ನದಿ, ಗುಡ್ಡ, ಮರಳುಗಾಡು ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುವ ಮನುಷ್ಯ ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮ ಕಾಕಾ ಒಬ್ಬರೇ. ಆದರೆ ಚಿತ್ತಾಪುರದಿಂದ ಸೇಡಂಗೆ ಹೇಗೆ ಹೋಗಬೇಕೆಂದು ಕೇಳಿ ನೋಡಿ! ರೈಲಿನಲ್ಲಿ ಕುಳಿತು ಒಂದು ಕೈಚೀಲ ಶೇಂಗಾ ಸುಲಿಯುವಷ್ಟರಲ್ಲಿ ಬರುವ ಊರು. ಕಾಕಾ ತಲೆಯಾಡಿಸುತ್ತಾರೆ.

"ನನಗ ಗೊತ್ತಿಲ್ಲರಿ. ಆ ಕಡಿ ನಕ್ಷಾ ನನ್ನ ಹತ್ರ ಇಲ್ಲ."

ನಕ್ಷೆ ಬಂದ ಬಗೆ ಹೀಗೆ. ನಾನು ಹುಟ್ಟುವ ಮೊದಲು, ಲಂಡನ್ನಿನಿಂದ ಸಿಂಹಳದವರೆಗೆ ಒಬ್ಬನೇ ಹಾರಿ ತೋರಿಸುತ್ತೇನೆಂದು ಒಬ್ಬ ಬಿಳಿಯ ಹೊರಟ. ಆಗಿನ ವಿಮಾನದವರು ರೈಲು ಹಳಿಯನ್ನು ನೋಡಿಕೊಂಡೇ ದಾರಿ ಹಿಡಿಯುತ್ತಿದ್ದರಂತೆ. ಮುಂಬಯಿಯಿಂದ ಮದ್ರಾಸಿನ ಹಳಿ ಹಿಡಿದು ಶಹಾಬಾದ್ ದಾಟಿ ವಾಡಿಯವರೆಗೆ ಸರಿಯಾಗಿಯೇ ಬಂದ. ಅಲ್ಲಿ ಅವನ ನಕ್ಷೆಯ ಪಟ್ಟಿ ಮುಗಿಯಿತು. ಮುಂದಿನ ಪಟ್ಟಿ ತೆಗೆದು ಕೆಳಗೆ ನೋಡುವಷ್ಟರಲ್ಲಿ ವಾಡಿ ಹಿಂದೆ ಬಿದ್ದಿತ್ತು. ರಾಯಚೂರಿನ ಹಳಿ ಬಿಟ್ಟು ಚಿತ್ತಾಪುರದ ಹಳಿ ಹಿಡಿದುಬಿಟ್ಟಿದ್ದ! ವಾಡಿಯಲ್ಲಿ ತಪ್ಪು ಗಾಡಿ ಹತ್ತದವರು ನಮ್ಮ ಕಡೆ ಯಾರಿದ್ದಾರೆ ಹೇಳಿ? ನಮ್ಮ ಸೋದರತ್ತೆ ಹತ್ತಿದ್ದಾಳೆ, ಮದುವೆಯ ದಿಬ್ಬಣಗಳು ಹತ್ತಿವೆ. ಆಕಾಶದಲ್ಲಿ ಬರುವವನಿಗೂ ವಾಡಿ ರಿಯಾಯಿತಿ ಕೊಡಲಿಲ್ಲ, ಅಷ್ಟೆ.

ತಪ್ಪು ತಿಳಿದು ಇಳಿಯಲು ಜಾಗ ಹುಡುಕಿದವನಿಗೆ ರಾವೂರದ ಹತ್ತಿರ ಬಿಸಿಲಿಗೆ ಹೊಳೆಯುವ ಸಪಾಟಾದ ಬಿಳಿ ಮೈದಾನ ಕಂಡಿತು. ಅದು ನಮ್ಮ ಮನೆಯ ಕಲ್ಲಿನ ಖಣಿ. ಆಗ ತಾನೇ ಕಡಿದ ಫರಸಿ ಚಪ್ಪಡಿಗಳನ್ನು ಹಾಸಿಟ್ಟಿದ್ದರು. ಹತ್ತಿರ ಬಂದಾಗ ಗೊತ್ತಾಗಿ ಪಕ್ಕದ ಎರೆಹೊಲಕ್ಕೆ ಹೊರಳಿಸಿದ. ವಿಮಾನದ ಗಾಲಿಯ ಕಾಲು ಮುರಿಯಿತು. ಖಣಿ ನೋಡಿಕೊಳ್ಳುತ್ತಿದ್ದ ಹರೆಯದ ಕಾಕಾ ಓಡಿ ಬಂದು ಮೊದಲು ಕೇಳಿದ್ದು, "ಊಟ ಆಗ್ಯಾದೇನ್ರಿ?" ಎಂದು.

ರಾವೂರದ ಬಡಿಗ ಜಾಲಿ ಮರದಿಂದ ಹೊಸ ಕಾಲು ಮಾಡಿಕೊಟ್ಟ. ಅಷ್ಟು ದಿನ ಆ ಮನುಷ್ಯ ನಮ್ಮ ಮನೆಯ ರೊಟ್ಟಿ, ಪುಂಡಿಪಲ್ಲೆ ತಿಂದು ಕಾಕಾನ ಜೊತೆ ಬಾವಿಯಲ್ಲಿ ಈಜಿದ. ಹೊರಡುವಾಗ, ಓಡಿ ಮೇಲೇಳಲು ಹೊಲದ ಉದ್ದ ಸಾಲದೆಂದು ಭಾರ ಇಳಿಸಬೇಕಾಯಿತು. ಹಾರಿ ಮುಗಿದ ದಾರಿಯ ನಕ್ಷೆ, ದಾಟಿ ಬಂದ ದೇಶಗಳ ಪರವಾನಗಿ ಕಾಗದ, ಒಂದು ಜೊತೆ ಬೂಟು, ಎಲ್ಲವನ್ನೂ ಕಾಕಾನ ಕೈಗಿಟ್ಟು, "ತಿರುಗಿ ಬಂದಾಗ ಒಯ್ಯುತ್ತೇನೆ" ಎಂದು ಸನ್ನೆ ಮಾಡಿದನಂತೆ. ಕಾಕಾ ಹಾಗೆ ಅರ್ಥ ಮಾಡಿಕೊಂಡಿದ್ದಾರೆ. "ಇದನ್ನೆಲ್ಲ ಒಲೆಗೆ ಹಾಕು" ಎಂಬ ಸನ್ನೆಯೂ ಸುಮಾರು ಹಾಗೆಯೇ ಇರುತ್ತದೆಂದು ನನ್ನ ಗುಮಾನಿ.

ಅವನು ಹಾರಿ ವಾಡಿಯ ಕಡೆಗೆ ಹೋದ. ಧೂಳಿನಲ್ಲಿ ಕಾಣದಾದ. ತಿರುಗಿ ಬರಲಿಲ್ಲ. ಸಿಂಹಳ ಮುಟ್ಟಿದನೆ, ಇಲ್ಲವೆ? ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ತರದ ಪ್ರಶ್ನೆ ಅದೊಂದೇ. ಒಮ್ಮೆ ನಾನು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಕಾಕಾ ಊಟದ ತಾಟು ಬಿಟ್ಟು ಎದ್ದು ಹೋಗಿದ್ದರು.

ಉಳಿದದ್ದೆಲ್ಲ ಅವರಿಗೆ ಸಂಭ್ರಮವೇ. ವಿಮಾನದವನ ಪೆಟ್ಟಿಗೆಯಲ್ಲಿ ನಕ್ಷೆ ಸುತ್ತಲು ಎರಡು ಕಟ್ಟಿಗೆಯ ಉರುಳೆಗಳಿದ್ದುವಂತೆ. ಅವನ್ನು ಅವನು ಒಯ್ದಿದ್ದ. ಕಾಕಾ ನಕ್ಷೆಯ ವಾಡಿಯ ತುದಿಯನ್ನು ತಮ್ಮ ಮುರಿದ ಛತ್ರಿಯ ಕೋಲಿಗೆ ಅಂಟಿಸಿದರು. ಲಂಡನ್ನಿನ ತುದಿಯನ್ನು ಅಡುಗೆಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಲಟ್ಟಣಿಗೆಗೆ ಅಂಟಿಸಿದರು.

ಸುಮ್ಮನೆ ಬಿದ್ದಿತ್ತು ಎಂಬುದು ಕಾಕಾನ ಮಾತು. ದಿನವೂ ಅಂಗೈಯಿಂದ ರೊಟ್ಟಿ ಬಡಿಯುವ ಮನೆಯಲ್ಲಿ ಲಟ್ಟಣಿಗೆ ಹಬ್ಬದವರೆಗೆ ಹಾಗೆಯೇ ಬಿದ್ದಿರುತ್ತದೆ. ಯುಗಾದಿ ಬಂತು. ಹೂರಣ ರುಬ್ಬಿ, ಕಣಕ ನಾದಿ, ಕಾಕಾನ ಹೆಂಡತಿ ಚಿಗವ್ವ ಕೈ ಚಾಚಿದರೆ ಲಟ್ಟಣಿಗೆ ಎಲ್ಲಿದೆ? ಯುರೋಪ್ ಖಂಡದೊಳಗಿದೆ!

"ರೊಟ್ಟಿ ಬಡಿಯೂ ಮನ್ಯಾಗ ಲಟ್ಟಣಿಗಿ ಎದಕ್ಕ ಬೇಕು?" ಎಂದರು ಕಾಕಾ.

"ಹೋಳಿಗಿ ಏನು ನಿಮ್ಮ ಛತ್ರಿ ಕೋಲಿಲೆ ಲಟ್ಟಸಲೇನ್ರಿ?" ಎಂದಳು ಚಿಗವ್ವ.

ಅಂಟು ಬಿಡಿಸಿದರೆ ನಕ್ಷೆ ಹರಿಯುತ್ತದೆ. ಕೊನೆಗೆ ಚಿಗವ್ವ ನಕ್ಷೆಯ ಮೇಲೆಯೇ ಮಡಿ ಬಟ್ಟೆ ಸುತ್ತಿ ಹೋಳಿಗೆ ಲಟ್ಟಿಸಿದಳು. ಅಂದು ಬಾಗ್ದಾದಿನವರೆಗೆ ಸುತ್ತಿಟ್ಟಿದ್ದರಿಂದ ಮೊದಲ ಎಣ್ಣೆ ಬಾಗ್ದಾದಿಗೆ ಬಿತ್ತು. ಅಲ್ಲಿಂದ ಒಳಸುತ್ತುಗಳಿಗೆ ಇಳಿಯುತ್ತ ಮಸುಕಾಗಿ, ವಿಯೆನ್ನಾ ಮುಟ್ಟುವ ಹೊತ್ತಿಗೆ ಬರೀ ವಾಸನೆ ಉಳಿಯಿತು. ಕಾಕಾ ಅಂದು ಹೋಳಿಗೆ ಮುಟ್ಟಲಿಲ್ಲ. ಮರುದಿನ ಮುಟ್ಟಿದರು, ತುಸು ಹೆಚ್ಚಾಗಿಯೇ.

ಪರವಾನಗಿ ಕಾಗದಗಳ ಮೇಲೂ ಅವರಿಗೆ ಅಪಾರ ವಿಶ್ವಾಸ. ಇಂಗ್ಲಿಷು, ಫಾರ್ಸಿ, ದುಂಡನೆಯ ಮೊಹರುಗಳು. ಒಮ್ಮೆ ವಾಡಿಯಲ್ಲಿ ಪ್ಲಾಟ್‌ಫಾರ್ಮ್ ಟಿಕೇಟಿಲ್ಲದೆ ಸಿಕ್ಕಿಬಿದ್ದಾಗ ಅಂಗಿಯ ಒಳಜೇಬಿನಿಂದ ಅವುಗಳಲ್ಲೊಂದನ್ನು ತೆಗೆದು ಕೊಟ್ಟರು. ಟಿಕೇಟು ಕಲೆಕ್ಟರು ಫಾರ್ಸಿ ಬಲ್ಲವರು. ಪೂರ್ತಿ ಓದಿ, ಮಡಚಿ, ಮರ್ಯಾದೆಯಿಂದ ಮರಳಿಸಿದರು.

"ಶರಣರ, ಇದು ಈರಾನ್ ದೇಶದ ಮ್ಯಾಲ ಹಾರಾಕ ಕೊಟ್ಟ ಇಜಾಜತ್. ವಾಡಿ ಪ್ಲಾಟ್‌ಫಾರ್ಮ್ ಮ್ಯಾಲ ನಡಿಯಾಕಲ್ಲ."

"ಹಾರಾಕ ಬಿಟ್ಟವ್ರು ನಡಿಯಾಕ ಬ್ಯಾಡ ಅಂತಾರೇನ್ರಿ ಸಾಹೇಬ್ರ?"

ಕಲೆಕ್ಟರು ಗೇಟಿನಿಂದ ಪಕ್ಕಕ್ಕೆ ಸರಿದು ಬಿಟ್ಟು ಕಳಿಸಿದರು.

ಆದರೆ ಊರಿನವರು ಕಾಕಾನನ್ನು ಗುರುತಿಸುವುದು ಬೇರೆಯೊಂದು ಗುಣದಿಂದ. ಯಾರೇ ದಾರಿ ಕೇಳಲಿ, ಕಾಕಾ ಮೊದಲು ಅವರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಆಮೇಲೆ ಕೈಯೆತ್ತಿ ತೋರಿಸುತ್ತಾರೆ. ಚಿತ್ತಾಪುರಕ್ಕೆ ಹೊಸದಾಗಿ ವರ್ಗವಾಗಿ ಬಂದ ಕಚೇರಿಯ ಮುನಶಿಯೊಬ್ಬರು ಟಪಾಲು ಕಚೇರಿ ಎಲ್ಲಿ ಎಂದು ಕೇಳಿ, ಕಾಕಾನ ಬೆನ್ನು ನೋಡಿ ಕೆಂಡವಾದರು.

"ಏನ್ರಿ, ದಾರಿ ಕೇಳಿದ್ರ ಬೆನ್ನ ತೋರಸ್ತೀರಿ? ಇದು ಯಾವ ತಹಜೀಬು, ಯಾವ ಮರ್ಯಾದಿ?"

ಕಾಕಾ ತಿರುಗದೆಯೇ ಹೇಳಿದರು: "ಬೆನ್ನ ಯಾಕ ನೋಡ್ತೀರಿ? ಕೈ ನೋಡ್ರಿ."

ಕೆಲವರು ಸೊಕ್ಕು ಎಂದರು, ಕೆಲವರು ವ್ರತ ಎಂದರು. ಕಾರಣ ಯಾರಿಗೂ ಗೊತ್ತಿರಲಿಲ್ಲ. ನನಗೂ.

ಇನ್ನು ಚಿಗವ್ವನ ತವರು ಚಿಂಚೋಳಿ. ಅದು ನಕ್ಷೆಯಿಂದ ಪೂರ್ತಿ ಹೊರಗೆ! ಮದುವೆಯಾದಂದಿನಿಂದ ಕಾಕಾ ಅತ್ತ ಕಾಲಿಟ್ಟವರಲ್ಲ. ಮದುವೆಯೇ ಚಿತ್ತಾಪುರದಲ್ಲಿ ನಡೆದಿತ್ತು, ಅವರ ಅದೃಷ್ಟ. ಚಿಗವ್ವನ ಅಣ್ಣನ ಮಗಳ ಮದುವೆಗೆ ಒಮ್ಮೆ ಎಲ್ಲರೂ ಬಂಡಿ ಹೂಡಿ ಹೊರಟೆವು. ದಾರಿಯಲ್ಲಿ ಗುಂಡಗುರ್ತಿ ಎಂಬ ಊರು ಬಂದಾಗ ಕಾಕಾ ಇಳಿದುಬಿಟ್ಟರು.

"ನೀವೆಲ್ಲ ಹೋಗಿ ಬರ್ರಿ. ನಾ ಇಲ್ಲಿಂದ ಹೊಳ್ಳತೀನಿ."

"ಎತ್ತಿಗಿ ನಕ್ಷಾ ಬೇಕಾಗಿಲ್ಲ, ನಿಮಗ ಯಾಕ ಬೇಕಾಗ್ಯಾದ?" ಎಂದು ಚಿಗವ್ವ ಬಂಡಿಯೊಳಗಿಂದಲೇ ಕೂಗಿದಳು.

"ಎತ್ತು ದಾರಿ ತಪ್ಪಿದ್ರ ಹುಲ್ಲರ ಸಿಗ್ತದ. ಮನಷ್ಯಾ ತಪ್ಪಿದ್ರ?"

ನಾವೆಲ್ಲ ನಕ್ಕೆವು. ಚಿಗವ್ವ ನಗಲಿಲ್ಲ. ಬಂಡಿ ಚಿಂಚೋಳಿ ಮುಟ್ಟಿತು. ಅಲ್ಲಿ ಅವಳ ಅವ್ವ ಬಂಡಿಯ ಹಿಂದೆ ಬಗ್ಗಿ ಅಳಿಯನನ್ನು ಹುಡುಕಿದ್ದು ನನಗೆ ನೆನಪಿದೆ.

ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಒಂದು ಮುಂಜಾನೆ ಊರ ಮೇಲೆ ವಿಮಾನದ ಸದ್ದು ಕೇಳಿತು. ಓಣಿಯೆಲ್ಲ ಬಾಗಿಲು ಹಾಕಿಕೊಂಡಿತು. ಜೋಳದ ಚೀಲಗಳ ಹಿಂದೆ ನಾವು ಉಸಿರು ಹಿಡಿದು ಕುಳಿತಿದ್ದರೆ ಕಾಕಾ ಕಾಣಿಸಲಿಲ್ಲ. ಮಾಳಿಗೆಯ ಮೇಲೆ ನಿಂತು ಹೆಗಲ ಮೇಲಿನ ಬಿಳಿ ವಲ್ಲಿ ಬೀಸುತ್ತಿದ್ದರು! ಚಿಗವ್ವ ಅವರ ಧೋತರ ಹಿಡಿದು ಕೆಳಗೆಳೆದಳು.

"ಗುಂಡ ಹಾಕಿದ್ರ ಏನ್ ಮಾಡ್ತಿದ್ರಿ?"

"ಅವನ ಇದ್ದಾನೇನೊ ಅಂತ ನೋಡಿದೆ. ಬೂಟ ತಗೊಂಡು ಹೋಗಲಿ ಅಂತ," ಎಂದರು ಕಾಕಾ. ಕಂಕುಳಲ್ಲಿ ಬೂಟಿನ ಜೋಡಿ ಇತ್ತು.

ಮುಂದೆ ನಾನು ಓದಲು ಹೈದರಾಬಾದಿಗೆ ಹೊರಟೆ. ಸೇಡಂ ಮೇಲಿನ ದಾರಿ. ಕಾಕಾ ಸ್ಟೇಷನ್ನಿಗೆ ಬಂದು, ಖಿಡಕಿಯ ಹತ್ತಿರ ನಿಂತು, ಎಲ್ಲ ಹಿರಿಯರಂತೆ ಬುದ್ಧಿ ಹೇಳಲು ಬಾಯಿ ತೆರೆದರು. ಆಮೇಲೆ ಪ್ರಾಮಾಣಿಕವಾಗಿ ಒಪ್ಪಿಕೊಂಡರು: "ಇಲ್ಲಿಂದ ಮುಂದಿಂದು ನನಗ ಗೊತ್ತಿಲ್ಲ ತಂಗಿ. ನೀನ ನೋಡಕೋ."

ನೋಡಿಕೊಂಡೆ. ಅಲ್ಲಿನ ಗ್ರಂಥಾಲಯದಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ರಟ್ಟು ಕಟ್ಟಿ ಇಟ್ಟಿದ್ದರು. ವಿಮಾನದವನ ಹೆಸರು, ಇಸವಿ ಎರಡೂ ಪರವಾನಗಿಯಲ್ಲಿ ಇದ್ದುದರಿಂದ ಹುಡುಕುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಪುಟ ತಿರುವುವುದು. ನನಗೆ ಕಾಕಾನ ಊಟದ ತಾಟು ಕಣ್ಣ ಮುಂದೆ ಬರುತ್ತಿತ್ತು. ಹಲವು ಸಂಜೆ ಆ ಸಂಪುಟವನ್ನು ಮುಂದಿಟ್ಟುಕೊಂಡು ಬೇರೆ ಏನನ್ನೋ ಓದಿ ಎದ್ದು ಬಂದೆ. ಕೊನೆಗೊಂದು ದಿನ ಓದಿದೆ. ಸಣ್ಣ ಸುದ್ದಿ, ಒಂದು ಮೂಲೆಯಲ್ಲಿ.

ಹೋದ ಬೇಸಗೆ ರಜೆಯಲ್ಲಿ ಊರಿಗೆ ಬಂದಾಗ ರಾಜ್ಯವನ್ನೇ ಭಾಷೆಗೊಂದು ತುಂಡು ಮಾಡಿ ಹಂಚುವ ಮಾತು ಎಲ್ಲ ಕಡೆ ನಡೆದಿತ್ತು. ಕಾಕಾ ಪಡಸಾಲೆಯಲ್ಲಿ ಕುಳಿತು ಆ ಗೊಡವೆ ಇಲ್ಲದೆ ನಕ್ಷೆ ಸುತ್ತುತ್ತಿದ್ದರು. ನಾನು ಎದುರಿಗೆ ಕುಳಿತೆ.

"ಕಾಕಾ, ನಿಮ್ಮ ವಿಮಾನದವ ಮುಟ್ಟಿದ್ನಂತ."

ಕಾಕಾನ ಕೈ ಕರಾಚಿಯ ಹತ್ತಿರ ನಿಂತಿತು.

"ಯಾರಂದ್ರು?"

"ಹಳೀ ಪೇಪರಿನ್ಯಾಗ ಅದ. ನಾನ ಓದೀನಿ. ಮದ್ರಾಸಿಗಿ ಹೋಗಿ, ಅಲ್ಲಿಂದ ಕೊಲಂಬೊಕ್ಕ ಹೋದ."

"ರಾಯಚೂರ ಮ್ಯಾಲ ಹಾಯ್ದು ಹೋದ್ನೇನು?"

"ಹೌದು. ರಾಯಚೂರಾಗ ಮಂದಿ ನೋಡ್ಯಾರಂತ ಬರದಾರ."

ಕಾಕಾ ನಕ್ಷೆಯನ್ನು ವಾಡಿಯ ತುದಿಯವರೆಗೆ ಬಿಚ್ಚಿದರು. ಆಮೇಲೆ, "ಇಳಿಯೂ ಮುಂದ ಜಾಲಿ ಕಾಲು ಗಟ್ಟಿ ನಿಂತಿತ್ತೇನು?" ಎಂದು ಕೇಳಿದರು.

ಪತ್ರಿಕೆಯಲ್ಲಿ ಅದರ ಮಾತಿರಲಿಲ್ಲ. ಇಲ್ಲದ್ದನ್ನು ಹೇಳಲು ನನಗೆ ಬರುವುದಿಲ್ಲ. "ಇಳದಾನಂತ ಬರದಾರ ಕಾಕಾ. ಬಿದ್ದಾನಂತ ಬರದಿಲ್ಲ," ಎಂದೆ.

ಕಾಕಾ ಎದ್ದು ನಿಂತರು. ನನ್ನ ಕಡೆಗೆ ಮುಖ ಮಾಡಿಯೇ ಎಡಗೈ ಎತ್ತಿದರು.

"ಹಿಂಗ ನಿಂತಿದ್ದೆ, ತಂಗಿ. ಅವ ಮ್ಯಾಲ ಕುಂತಿದ್ದ, ನಾ ಎದುರಿಗಿ. ವಾಡಿ ಮುಟ್ಟಿ ಎಡಕ್ಕ ಹೊಳ್ಳು ಅಂತ ಈ ಕೈ ಎತ್ತಿ ತೋರಿಸಿದೆ. ಅವ ಹಾರಿ ಹೋದ ಮ್ಯಾಲ ಹೊಳೀತು. ನನ್ನ ಎಡಗೈ ಅವನಿಗಿ ಬಲಕ್ಕ ಕಂಡಿರ್ತದಲ್ಲ? ವಾಡಿಗಿ ಓಡಿದೆ. ಒಬ್ಬ ಎಡಕ್ಕ ಹೋತು ಅಂದ, ಒಬ್ಬ ಬಲಕ್ಕ ಅಂದ. ಮತ್ತ ಯಾರನ್ನೂ ಕೇಳಲಿಲ್ಲ."

ಎತ್ತಿದ ಕೈಯನ್ನು ಅವರು ಇಳಿಸುವುದನ್ನೇ ಮರೆತಿದ್ದರು. ಮುನಶಿಯವರು ನೋಡಿ ಸಿಟ್ಟಾದ ಬೆನ್ನು ನನ್ನ ನೆನಪಿಗೆ ಬಂತು.

"ಹಂಗಾದ್ರ," ಎಂದರು ಕಾಕಾ ಮೆಲ್ಲಗೆ, "ಆ ಹಳಿ ಖರೇನ ರಾಯಚೂರಿಗಿ ಹೋಗ್ತದ."

ವಾಡಿಯಿಂದ ದಿನಾ ಅಷ್ಟು ಗಾಡಿಗಳು ಅದೇ ಹಳಿಯ ಮೇಲೆ ರಾಯಚೂರಿಗೆ ಹೋಗುತ್ತವೆ! ಚಿಗವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಈ ಮಾತಿಗೆ ಏನಾದರೂ ಕುಟುಕುತ್ತಾಳೆಂದು ಕಾದೆ. ಅವಳು ಗಂಡನ ಹತ್ತಿರ ಬಂದು, ಎತ್ತಿದ್ದ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ತೋಳಿನ ಮೇಲೆ ಹಿಟ್ಟು ಹತ್ತಿತು. ಇಬ್ಬರೂ ಒರೆಸಲಿಲ್ಲ.

ಹೈದರಾಬಾದಿನ ಹಳೆಯ ಪುಸ್ತಕದಂಗಡಿಯಲ್ಲಿ ನಾನೊಂದು ರೈಲ್ವೆ ನಕ್ಷೆ ಕೊಂಡಿದ್ದೆ. ಕೊಡುವುದೋ ಬೇಡವೋ ಎಂದು ಟ್ರಂಕಿನ ತಳದಲ್ಲೇ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಅದನ್ನು ತೆಗೆದು, ಚಿಗವ್ವನಿಂದ ಮೈದಾ ಅಂಟು ಕಾಯಿಸಿಕೊಂಡು, ಛತ್ರಿಯ ಕೋಲಿನಿಂದ ತುದಿಯನ್ನು ಹರಿಯದಂತೆ ನೆನೆಸಿ ಬಿಡಿಸಿ, ವಾಡಿಗೆ ವಾಡಿ ಕೂಡಿಸಿ ಅಂಟಿಸಿದೆ. ಎರಡರ ಅಳತೆ ಬೇರೆ. ನನ್ನ ನಕ್ಷೆಯಲ್ಲಿ ಭೂಮಿ ಸಣ್ಣದು. ಆದರೂ ಹಳಿಗೆ ಹಳಿ ಕೂಡಿತು. ಕೆಳಗೆ ರಾಯಚೂರು ಬಂತು, ಬಲಕ್ಕೆ ಸೇಡಂ ಬಂತು. ಕಾಕಾ ಕನ್ನಡಕ ಹಾಕಿಕೊಂಡು ಕಾಗದದ ಅಂಚು ಹಿಡಿದಿದ್ದರು. "ಇದರಾಗ ಚಿಂಚೋಳಿ ಎಲ್ಲದ?" ಎಂದು ಕೇಳಿದವರು ಅವರೇ. ಚಿಂಚೋಳಿಗೆ ರೈಲಿಲ್ಲ, ಹಾಗಾಗಿ ಆ ನಕ್ಷೆಯಲ್ಲಿ ಅದರ ಹೆಸರಿರಲಿಲ್ಲ. ಚಿಗವ್ವ ಅಂಟಿನ ಪಾತ್ರೆ ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಪೆನ್ಸಿಲ್ ಚೂಪು ಮಾಡಿಕೊಂಡು, ಸೇಡಂನ ಮೇಲ್ಗಡೆಯ ಖಾಲಿ ಜಾಗದಲ್ಲಿ ಒಂದು ಚುಕ್ಕೆ ಇಟ್ಟು, ಅದರ ಹೆಸರನ್ನು ಬರೆದೆ.